ಹಾಡು ಕೇಳಿದೆವು, ಹಾಡಿದವರ ಹಕ್ಕು ಕೇಳಲಿಲ್ಲ

ಹಾಡು ಹಲಾಲೋ ಹರಾಮೋ ಎಂಬ ಚರ್ಚೆಯಲ್ಲಿ ನಾವು ತಲೆಮಾರುಗಳನ್ನೇ ಕಳೆದಿದ್ದೇವೆ. ಹಾಡಿದವರ ದುಡಿಮೆ ಯಾರ ಪಾಲಾಯಿತು ಎಂಬ ಪ್ರಶ್ನೆ ಮಾತ್ರ ನಮ್ಮ ಜಮಾಅತ್‌ಗಳಲ್ಲಿ ಏಳುವುದೇ ಇಲ್ಲ.

ನಮ್ಮ ಮೂಡಲಗಿ ಸೀಮೆಯಿಂದ ಘಟಪ್ರಭೆ ಹರಿದುಹೋಗುವ ದಿಕ್ಕಿನಲ್ಲೇ, ಬಾಗಲಕೋಟೆ ಜಿಲ್ಲೆಯಲ್ಲಿ, ಬೀಳಗಿ ಇದೆ. ಅಮೀರಬಾಯಿ ಕರ್ನಾಟಕಿ ಆ ಊರಿನ ಮುಸ್ಲಿಮ್ ಹೆಣ್ಣುಮಗಳು. ಹದಿಹರೆಯದಲ್ಲೇ ಮುಂಬಯಿ ಸೇರಿದ ಅವರನ್ನು 1943ರ ‘ಕಿಸ್ಮತ್’ ಚಿತ್ರದ ಹಾಡುಗಳು ದೇಶದ ಮನೆಮಾತಾಗಿಸಿದವು. ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಅವರ ಮನೆಯೊಳಗಿನ ಕಥೆಯೇ ಬೇರೆ. ಪತಿ, ಖಳನಟ ಹಿಮಾಲಯವಾಲಾ, ಅವರನ್ನು ಹಿಂಸಿಸುತ್ತಿದ್ದನು. ಅವರ ಗಳಿಕೆಯನ್ನು ಕಸಿದುಕೊಳ್ಳುತ್ತಿದ್ದನು. ಕೊನೆಗೆ ವಕೀಲರ ನೆರವಿನಿಂದ ಅವರು ವಿಚ್ಛೇದನ ಪಡೆಯಬೇಕಾಯಿತು. ಸ್ತ್ರೀಯರು ಗಳಿಸಿದ್ದರಲ್ಲಿ ಸ್ತ್ರೀಯರಿಗೇ ಪಾಲಿದೆ ಎಂದು ಪವಿತ್ರ ಕುರ್‌ಆನ್‌ನ ಸೂರಃ ಅನ್ನಿಸಾ ಸಾರಿದೆ. ಅಮೀರಬಾಯಿಯವರು ಹಾಡಬಹುದಿತ್ತೇ ಎಂದು ತೀರ್ಪು ನೀಡುವ ನಾಲಗೆಗಳು, ಆ ಗಳಿಕೆಯನ್ನು ಕಸಿದ ಕೈಯ ಬಗ್ಗೆ ಏಕೆ ಮೌನವಾಗಿವೆ?

‘ಅದು ಸಿನಿಮಾದ ಕೊಳೆ, ನಮ್ಮದಲ್ಲ’ ಎನ್ನುವವರಿದ್ದಾರೆ. ಕೊಲ್ಲಿ ರಾಷ್ಟ್ರಗಳ ಒಂಟೆ ಓಟದ ಸಂಗತಿಯನ್ನು ಅವರು ತಿಳಿಯಲಿ. ಪಾಕಿಸ್ತಾನ, ಬಾಂಗ್ಲಾದೇಶ, ಸುಡಾನ್‌ಗಳಿಂದ ತಂದ ಪುಟ್ಟ ಹುಡುಗರನ್ನು ಒಂಟೆಯ ಮೇಲೆ ಕೂರಿಸುತ್ತಿದ್ದರು. ತೂಕ ಏರಬಾರದೆಂದು ಹೊಟ್ಟೆಗೆ ಕೊಡುತ್ತಿದ್ದುದೂ ಕಡಿಮೆ. 2005ರಲ್ಲಿ ಯುಎಇ ಅದನ್ನು ನಿಷೇಧಿಸಿತು. ಮಕ್ಕಳ ಜಾಗಕ್ಕೆ ರೋಬೋಟ್‌ಗಳು ಬಂದವು. ಅಲ್ಲಿಯವರೆಗೆ ಗ್ಯಾಲರಿಯಲ್ಲಿ ಕುಳಿತು ಕೇಕೆ ಹಾಕಿದವರು ಕಲಿಮಾ ಹೇಳುವವರೇ ಆಗಿದ್ದರು.

ಈಗ ನಮ್ಮ ಮನೆಗಳಿಗೆ ಬರೋಣ. ಇಂಪಾಗಿ ನಾತ್ ಹಾಡುವ ಏಳು ವರ್ಷದ ಮಗು ಮೊಬೈಲಿನ ಮುಂದೆ ಒಂದೇ ಸಾಲನ್ನು ಹತ್ತು ಸಲ ಹಾಡುತ್ತದೆ. ನಿದ್ದೆಗಣ್ಣಾದರೆ ಗದರಿಕೆ. ಚಾನೆಲ್ ತಂದೆಯ ಹೆಸರಿನಲ್ಲಿ, ಹಣವೂ ಅಲ್ಲಿಗೇ. ಪ್ರವಾದಿವರ್ಯರ(ಸ) ಗುಣಗಾನವೆಂಬ ಕಾರಣಕ್ಕೆ ಇದು ಶೋಷಣೆಯಲ್ಲವೆನ್ನಬಹುದೇ? ಹತ್ತು ವರ್ಷ ಸೇವೆ ಸಲ್ಲಿಸಿದ ಬಾಲಕ ಅನಸ್(ರ)ರಿಗೆ ಒಮ್ಮೆಯೂ ಬೇಸರದ ಮಾತಾಡದವರು ಆ ಪ್ರವಾದಿ(ಸ).

ಮಗನ ಸಂಪತ್ತು ತಂದೆಯದೇ ಎಂಬ ಅರ್ಥದ ಹದೀಸನ್ನು ಇಲ್ಲಿ ಮುಂದಿಡುವವರುಂಟು. ಬಹುಪಾಲು ವಿದ್ವಾಂಸರು ಅದನ್ನು ತಂದೆಯ ನಿಜವಾದ ಅಗತ್ಯಕ್ಕೆ ಸೀಮಿತಗೊಳಿಸಿದ್ದಾರೆ. ಮಗುವಿಗೆ ಹಾನಿಯಾಗುವಂತೆ ದೋಚಲು ಅದು ಪರವಾನಗಿಯಲ್ಲ. ಅನಾಥನ ಸೊತ್ತನ್ನು ಅವನು ಪ್ರೌಢನಾದಾಗ ಸಾಕ್ಷಿಗಳ ಮುಂದೆ ಒಪ್ಪಿಸಬೇಕೆಂದು ಆಜ್ಞಾಪಿಸಿದ ಧರ್ಮ, ತಂದೆ ಬದುಕಿರುವ ಮಗುವಿನ ಸೊತ್ತಿಗೆ ಲೆಕ್ಕ ಬೇಡವೆಂದೀತೇ?

ದೇಶದ ಕಾನೂನು ಕೂಡ ಇಷ್ಟನ್ನು ಕೇಳುತ್ತದೆ. 2017ರ ನಿಯಮಗಳ ಪ್ರಕಾರ ಬಾಲಕಲಾವಿದರು ದಿನಕ್ಕೆ 5 ಗಂಟೆ ಮೀರಿ, ವಿರಾಮವಿಲ್ಲದೆ 3 ಗಂಟೆ ಮೀರಿ ದುಡಿಯುವಂತಿಲ್ಲ. ಗಳಿಕೆಯ ಕನಿಷ್ಠ ಶೇ. 20 ಭಾಗ ಮಗುವಿನ ಹೆಸರಿನಲ್ಲಿ ಬ್ಯಾಂಕ್ ಠೇವಣಿಯಾಗಬೇಕು. (ಉಳಿದ ಎಂಬತ್ತನ್ನು ಕಾನೂನು ಪ್ರಶ್ನಿಸದಿದ್ದರೂ ಆಖಿರತ್‌ನಲ್ಲಿ ಪ್ರಶ್ನೆಯಿದೆ.)

ಮೂಡಲಗಿ, ಗೋಕಾಕ, ಹುಕ್ಕೇರಿಗಳಲ್ಲಿ ಮಕ್ಕಳ ನಾತ್ ಸ್ಪರ್ಧೆ ಏರ್ಪಡಿಸುವ ಸಮಿತಿಗಳಿಗೆ ನಮ್ಮ ಬೇಡಿಕೆ ಇಷ್ಟೇ: ಮಕ್ಕಳನ್ನು ಇಶಾ ನಮಾಝಿನ ನಂತರ ವೇದಿಕೆಗೆ ಕರೆಯಬೇಡಿ. ಬಹುಮಾನದ ಹಣವನ್ನು ಮಗುವಿನ ಖಾತೆಗೇ ಜಮಾ ಮಾಡಿ. ಹಾಡಲು ಮನಸ್ಸಿದೆಯೇ ಎಂದು, ತಂದೆ ಪಕ್ಕದಲ್ಲಿಲ್ಲದಾಗ, ಮಗುವನ್ನೇ ಒಮ್ಮೆ ಕೇಳಿ.