ಕಣ್ಣಳತೆಯ ಬೋಲ್ಟು

ಕಳೆದ ತಿಂಗಳು ನನ್ನ ಹಳೇ ಸ್ಕೂಟರಿನ ಕ್ಯಾರಿಯರ್ ಹಿಡಿದಿದ್ದ ಎರಡು ಬೋಲ್ಟುಗಳಲ್ಲಿ ಒಂದು ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು. ಉಳಿದದ್ದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಹಲಸೂರಿನಿಂದ ಶಿವಾಜಿನಗರದ ಗುಜರಿ ಅಂಗಡಿಗೆ ಹೋದೆ. "ಭಾಯ್, ಇಂಥದ್ದೇ ಒಂದು ಬೇಕಿತ್ತು" ಎಂದೆ. ಅಂಗಡಿಯವರು ಅದನ್ನು ಬೆರಳಲ್ಲಿ ಹೊರಳಿಸಿ ನೋಡಿ, ತುಕ್ಕು ಹಿಡಿದ ಡಬ್ಬಿಯೊಂದಕ್ಕೆ ಕೈ ಹಾಕಿ ಇನ್ನೊಂದನ್ನು ತೆಗೆದರು. ಎರಡನ್ನೂ ಬೆಳಕಿಗೆ ಹಿಡಿದು ಪಕ್ಕಪಕ್ಕ ನೋಡಿದರು. "ಸರಿಹೋಗ್ತದೆ ಸಾರ್, ತಗೊಳ್ಳಿ." ಸರಿಯಾಗಿಯೇ ಕೂತಿತು. ಸ್ಕೂಟರಿಗೆ ಅಷ್ಟು ಸಾಕು.

ನಾನು 34 ವರ್ಷ ವಿಮಾನಗಳ ನಿರ್ವಹಣೆಯ ಕೆಲಸ ಮಾಡಿ ನಿವೃತ್ತನಾದವನು. ನಮ್ಮ ಕೆಲಸದಲ್ಲಿ ಈ ಕಣ್ಣಳತೆಯೇ ಮೊದಲ ಪಾಪ. ವಿಮಾನಕ್ಕೆ ಹಾಕುವ ಒಂದೊಂದು ಬೋಲ್ಟಿಗೂ ನಂಬರು ಇರುತ್ತದೆ. ಅದು ಎಲ್ಲಿ ತಯಾರಾಯಿತು, ಯಾರು ಪರೀಕ್ಷಿಸಿದರು ಎಂಬ ಕಾಗದ ಜೊತೆಗೇ ಬರಬೇಕು. ಬಿಚ್ಚಿದ ಬೋಲ್ಟಿನಂತೆಯೇ ಕಾಣುತ್ತದೆ ಎಂದು ಹೊಸದನ್ನು ಹಾಕುವಂತಿಲ್ಲ. ಪುಸ್ತಕ ತೆರೆದು, ನಂಬರು ನೋಡಿ, ಆಮೇಲೆ ಹಾಕಬೇಕು.

1990ರ ಜೂನ್‌ನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಬ್ಬರು ಹೀಗೆ ಪುಸ್ತಕ ತೆರೆಯಲಿಲ್ಲ. ಬ್ರಿಟಿಷ್ ಏರ್‌ವೇಸ್‌ನ ವಿಮಾನವೊಂದಕ್ಕೆ ಪೈಲಟ್ ಮುಂದಿನ ಗಾಜನ್ನು ಬದಲಿಸುವ ಕೆಲಸ. ರಾತ್ರಿ ಪಾಳಿ, ಜನ ಕಡಿಮೆ, ಬೆಳಗಿನ ಜಾವ. ಬಿಚ್ಚಿದ ಹಳೇ ಬೋಲ್ಟನ್ನು ಡಬ್ಬಿಯಲ್ಲಿದ್ದವುಗಳ ಜೊತೆ ಕಣ್ಣಳತೆಯಲ್ಲಿ ಹೋಲಿಸಿ 90 ಬೋಲ್ಟು ಹಾಕಿದರು. ಅದರಲ್ಲಿ 84 ಬೋಲ್ಟುಗಳ ದಪ್ಪ 0.026 ಇಂಚು ಕಡಿಮೆ ಇತ್ತು. ಮಿಲಿಮೀಟರಿನ ಲೆಕ್ಕದಲ್ಲಿ ಮುಕ್ಕಾಲೂ ಇಲ್ಲ. ಆ ವಿಮಾನ ಪ್ರಯಾಣಿಕರನ್ನು ಹೊತ್ತು ಮೇಲೇರುತ್ತಿದ್ದಾಗ ಆ ಗಾಜು ಕಿತ್ತುಹೋಗಿ, ಕ್ಯಾಪ್ಟನ್ನರ ಅರ್ಧ ದೇಹ ಹೊರಕ್ಕೆ ಸೆಳೆದುಹೋಯಿತು. ಸಿಬ್ಬಂದಿ ಅವರ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡರು, ಸಹಪೈಲಟ್ ಸೌತಾಂಪ್ಟನ್‌ನಲ್ಲಿ ವಿಮಾನ ಇಳಿಸಿದರು. ಎಲ್ಲರೂ ಬದುಕಿದರು. ಆ ಬೋಲ್ಟು ಹಾಕಿದವರು ಅನುಭವಿಗಳು, ಸೋಮಾರಿಗಳಲ್ಲ. ಅವರ ಕೆಲಸವನ್ನು ಇನ್ನೊಬ್ಬರು ನೋಡಬೇಕೆಂಬ ಏರ್ಪಾಡು ಮಾತ್ರ ಅಲ್ಲಿರಲಿಲ್ಲ.

ಅದೇ 1990ರ ಫೆಬ್ರುವರಿ 14 ನಮ್ಮ ಬೆಂಗಳೂರಿನ ಪೂರ್ವಭಾಗದವರಿಗೆ ಮರೆಯುವ ದಿನವಲ್ಲ. ಮುಂಬೈಯಿಂದ ಬರುತ್ತಿದ್ದ ಇಂಡಿಯನ್ ಏರ್‌ಲೈನ್ಸ್‌ನ 605ನೇ ವಿಮಾನ, ಎಚ್‌ಎಎಲ್ ರನ್‌ವೇಗೆ ಸುಮಾರು 700 ಮೀಟರ್ ಇರುವಾಗಲೇ ಚಲ್ಲಘಟ್ಟದ ಗಾಲ್ಫ್ ಮೈದಾನಕ್ಕೆ ಬಡಿದು, ಏರಿಗೆ ಅಪ್ಪಳಿಸಿ ಹೊತ್ತಿ ಉರಿಯಿತು. ಒಳಗಿದ್ದ 146 ಜನರಲ್ಲಿ 92 ಮಂದಿ ಸತ್ತರು. ನಾನಾಗ ಮುರುಗೇಶಪಾಳ್ಯದಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಮಧ್ಯಾಹ್ನದ ಪಾಳಿಗೆ ಹೊರಡಲು ಶೂ ಹಾಕಿಕೊಳ್ಳುತ್ತಿದ್ದೆ. ದಿನವೂ ಕೇಳುವ ಸದ್ದು ಅರ್ಧಕ್ಕೇ ನಿಂತಿತು. ಮಾಳಿಗೆ ಹತ್ತಿದಾಗ ಕಪ್ಪು ಹೊಗೆ ನೆಟ್ಟಗೆ ಮೇಲೇಳುತ್ತಿತ್ತು. ಎಣ್ಣೆಯ ಹೊಗೆ ಯಾವುದು, ಕಸದ ಹೊಗೆ ಯಾವುದು ಎಂದು ನಮ್ಮಂಥವರಿಗೆ ಬಣ್ಣದಲ್ಲೇ ತಿಳಿಯುತ್ತದೆ. ಪಕ್ಕದ ಮನೆಯ ಅಜ್ಜಿ ಕೆಳಗಿನಿಂದ "ಏನಪ್ಪಾ ಅದು?" ಎಂದು ಕೂಗಿದರು. ನನಗೆ ಬಾಯಿ ಬರಲಿಲ್ಲ.

ಆ ದುರಂತಕ್ಕೆ ನಿರ್ವಹಣೆಯ ಲೋಪ ಕಾರಣವಲ್ಲ. ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ತನಿಖೆ, ಎಂಜಿನ್‌ಗಳು ಅತಿ ಕಡಿಮೆ ಶಕ್ತಿಯಲ್ಲಿ ಓಡುತ್ತ ವೇಗ ಇಳಿಯುತ್ತಿದ್ದುದನ್ನು ಪೈಲಟ್‌ಗಳು ಸಮಯಕ್ಕೆ ಗಮನಿಸಲಿಲ್ಲ ಎಂದು ಹೇಳಿತು. ಆದರೂ ಇಲ್ಲಿ ಅದನ್ನು ನೆನೆಯಲು ಕಾರಣವಿದೆ. ಆ ಏರ್‌ಬಸ್ ಎ320 ಸಂಸ್ಥೆಯ ಕೈಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಹಾರುವ ರೀತಿಯೇ ಬೇರೆಯಾದ ವಿಮಾನ ಅದು. ಅದಕ್ಕೆ ನಾವು ಸಿದ್ಧರಿದ್ದೇವೆಯೇ ಎಂದು ಗಟ್ಟಿಯಾಗಿ ಕೇಳಬೇಕಾದದ್ದು ಸರ್ಕಾರದ ಕೆಲಸ. 92 ಜನ ಸತ್ತ ಮೇಲೆ ಸರ್ಕಾರ ಎಲ್ಲ ಎ320ಗಳನ್ನೂ ನೆಲದ ಮೇಲೆ ನಿಲ್ಲಿಸಿತು, ತಿಂಗಳುಗಟ್ಟಲೆ ಪರಿಶೀಲನೆ ಮಾಡಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು.

ಈ ಊರಿಗೆ ವಿಮಾನ ದುರಸ್ತಿ ನಿನ್ನೆ ಮೊನ್ನೆಯ ಕಸುಬಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಇಲ್ಲಿ ಕಾರ್ಖಾನೆ ತೆರೆದರು, ಅದೇ ಇಂದಿನ ಎಚ್‌ಎಎಲ್. ಯುದ್ಧಕಾಲದಲ್ಲಿ ಅಮೆರಿಕದ ವಾಯುಪಡೆಯ ವಿಮಾನಗಳು ದುರಸ್ತಿಗೆ ಇಲ್ಲಿಗೇ ಬರುತ್ತಿದ್ದವು. ಇಂದಿರಾನಗರದ ಹಳಬರು ಇವತ್ತೂ ವಿಳಾಸದಲ್ಲಿ ಎಚ್‌ಎಎಲ್ ಎರಡನೇ ಹಂತ ಎಂದೇ ಬರೆಯುತ್ತಾರೆ. ನನ್ನ ಅಪ್ಪ ಆ ಕಾರ್ಖಾನೆಯಲ್ಲಿ ಫಿಟ್ಟರ್. ಹಲಸೂರಿನ ನಮ್ಮ ಮನೆಯಲ್ಲಿ ಗೋಡೆಯ ಮೇಲೆ ಸ್ಪ್ಯಾನರುಗಳ ಆಕಾರ ಬರೆದು ಮೊಳೆ ಹೊಡೆದಿದ್ದರು. ಯಾವುದಾದರೂ ಮೊಳೆ ಖಾಲಿ ಇದ್ದರೆ ಊಟಕ್ಕೆ ಕೂರುವಂತಿಲ್ಲ, ಹುಡುಕಿ ತರಬೇಕು. ಹ್ಯಾಂಗರಿನಲ್ಲಿ ಒಂದು ಸ್ಪ್ಯಾನರು ಕಾಣದಿದ್ದರೆ ಅದು ವಿಮಾನದ ಹೊಟ್ಟೆಯಲ್ಲೇ ಉಳಿದಿದೆ ಎಂದು ತಿಳಿಯಬೇಕು, ಸಿಗುವವರೆಗೆ ವಿಮಾನ ಬಿಡಬಾರದು. ಅಪ್ಪ ಕಾರ್ಖಾನೆಯ ನಿಯಮವನ್ನೇ ಮನೆಗೂ ತಂದಿದ್ದರು.

ಅಂಥ ಮನೆಯಲ್ಲಿ ಬೆಳೆದ ನಾನೂ ಒಂದು ಸಲ ತಪ್ಪಿದೆ. ತೊಂಬತ್ತರ ದಶಕದ ನಡುವಿನ ಮಾತು. ಸಂಸ್ಥೆಯ ಹೆಸರು ಬೇಡ. ಮಧ್ಯಾಹ್ನ ಎರಡಕ್ಕೆ ಡ್ಯೂಟಿಗೆ ಹೋದವನು, ರಾತ್ರಿ ಪಾಳಿಯವರು ಬಾರದೆ ಬೆಳಗಿನ ಐದರವರೆಗೂ ಹ್ಯಾಂಗರಿನಲ್ಲೇ ಇದ್ದೆ. ಮಳೆ. ಚಕ್ರ ಮಡಚಿಕೊಳ್ಳುವ ಗೂಡಿನಲ್ಲಿ ಸಹೋದ್ಯೋಗಿಯೊಬ್ಬರು ಹೈಡ್ರಾಲಿಕ್ ಪೈಪಿನ ಜೋಡಣೆ ಬದಲಿಸಿದ್ದರು. ನಾನು ಟಾರ್ಚ್ ಹಿಡಿದು ಹತ್ತಿ, ನಟ್ಟುಗಳನ್ನು ನೋಡಿ, ಅವುಗಳಿಗೆ ಲಾಕಿಂಗ್ ವೈರ್ ಬಿಗಿದಿದೆಯೇ ಎಂದು ಖಚಿತ ಮಾಡಿಕೊಂಡು ಸಹಿ ಹಾಕಬೇಕಿತ್ತು. ಆ ತಂತಿ ಸಣ್ಣದು, ದಾರದಷ್ಟು. ಎರಡೆಳೆ ಹೊಸೆದು, ಇಂಚಿಗೆ ಆರರಿಂದ ಎಂಟು ತಿರುವು ಬರುವಂತೆ, ನಟ್ಟು ಸಡಿಲಾಗಲು ಹೊರಟರೆ ಅದನ್ನು ಬಿಗಿಯುವ ಕಡೆಗೇ ಎಳೆಯುವಂತೆ ಕಟ್ಟಬೇಕು. "ಎಲ್ಲ ಆಗಿದೆ ಸಾರ್, ನೋಡಿದೀನಿ" ಎಂದರು. ಅವರು ಒಳ್ಳೆಯ ಕೆಲಸಗಾರರು. ನನ್ನ ಕಣ್ಣು ಮುಚ್ಚಿಕೊಂಡು ಹೋಗುತ್ತಿತ್ತು. ಹತ್ತದೆಯೇ ಸಹಿ ಹಾಕಿದೆ.

ಮನೆಗೆ ಬಂದು ಮಲಗಿದೆ. ಆರೂ ಕಾಲಿಗೆ ಆ ವಿಮಾನ ಏರಿದ ಸದ್ದು ಕೇಳಿತು. ಆಮೇಲೆ ನಿದ್ದೆ ಬರಲಿಲ್ಲ. ರಾತ್ರಿ ಅದು ಮರಳಿ ಬಂದು ನಿಂತಾಗ ಯಾರೂ ಹೇಳದೆ ಹೋಗಿ ಗೂಡಿನೊಳಗೆ ತಲೆ ಹಾಕಿದೆ. ಮೂರು ನಟ್ಟುಗಳಲ್ಲಿ ಎರಡಕ್ಕೆ ತಂತಿ ಇತ್ತು. ಮೂರನೆಯದು ಬರಿದಾಗಿತ್ತು. ನಟ್ಟು ಅಲುಗಿರಲಿಲ್ಲ. ತಂತಿ ಹೊಸೆಯುವಾಗ ನನ್ನ ಕೈ ನಡುಗಿ ಇಕ್ಕಳ ಎರಡು ಸಲ ಜಾರಿತು. ಮೇಲಿನವರಿಗೆ ಹೇಳಿದೆ. "ಏನೂ ಆಗ್ಲಿಲ್ವಲ್ಲ, ಬಿಟ್ಟಾಕಿ" ಎಂದರು. ಆ ದಿನದ ದಾಖಲೆಯಲ್ಲಿ ನನ್ನ ಸಹಿ ಹಾಗೆಯೇ ಉಳಿಯಿತು. ಅದು ಸುಳ್ಳು ಸಹಿ. ಸರ್ಕಾರದ ಕಡೆಯಿಂದ ಯಾವ ಇನ್‌ಸ್ಪೆಕ್ಟರೂ ಬಂದು ಆ ಕಾಗದವನ್ನು ಆ ನಟ್ಟಿನ ಪಕ್ಕ ಹಿಡಿದು ನೋಡಲಿಲ್ಲ.

ಆದ್ದರಿಂದಲೇ ಇತ್ತೀಚಿನ ಕೆಲವು ಸುದ್ದಿಗಳನ್ನು ಓದುವಾಗ ನನ್ನ ಹೊಟ್ಟೆ ತೊಳಸುತ್ತದೆ. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಒಂದು ಎ320ರ ಎಂಜಿನ್‌ನಲ್ಲಿ ಕೆಲವು ಭಾಗಗಳನ್ನು ಗಡುವಿನೊಳಗೆ ಬದಲಿಸಬೇಕೆಂದು 2023ರಲ್ಲಿ ಯುರೋಪಿನ ಸುರಕ್ಷತಾ ಸಂಸ್ಥೆ ಸೂಚಿಸಿತ್ತು. ಬದಲಿಸಿರಲಿಲ್ಲ. ಬದಲಿಸಿದಂತೆ ತೋರಿಸಲು ದಾಖಲೆಯನ್ನು ತಿದ್ದಿದಂತಿದೆ ಎಂದು ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2025ರ ಮಾರ್ಚ್‌ನಲ್ಲಿ ಆಕ್ಷೇಪಿಸಿತು. ಸಂಸ್ಥೆ ತಪ್ಪನ್ನು ಒಪ್ಪಿ ಸರಿಪಡಿಸಿದ್ದಾಗಿ ಹೇಳಿತು. ಜನಕ್ಕೆ ಇದು ತಿಳಿದದ್ದು ಜುಲೈನಲ್ಲಿ, ಅದೂ ಸುದ್ದಿಸಂಸ್ಥೆಯೊಂದರ ವರದಿಯಿಂದ. ಅದೇ ವರ್ಷದ ನವೆಂಬರಿನಲ್ಲಿ ಏರ್ ಇಂಡಿಯಾದ ಒಂದು ಎ320, ಹಾರಾಟ ಯೋಗ್ಯತೆಯ ಮರುಪರಿಶೀಲನಾ ಪ್ರಮಾಣಪತ್ರದ ಅವಧಿ ಮುಗಿದ ಮೇಲೂ ಪ್ರಯಾಣಿಕರನ್ನು ಹೊತ್ತು ಎಂಟು ಸಲ ಹಾರಿತು. ಆಟೋದವರು ಎಫ್‌ಸಿ ಮುಗಿದ ಗಾಡಿ ರಸ್ತೆಗಿಳಿಸಿದರೆ ಪೊಲೀಸರು ಹಿಡಿದು ನಿಲ್ಲಿಸುತ್ತಾರೆ. ವಿಮಾನಕ್ಕೆ ಎಂಟು ಹಾರಾಟ ಆಗುವವರೆಗೂ ತಡೆ ಇರಲಿಲ್ಲ.

ಅಹಮದಾಬಾದಿನಲ್ಲಿ 2025ರ ಜೂನ್ 12ರಂದು ವಿಮಾನ ಬಿದ್ದು 260 ಜನ ಸತ್ತರು. ಅದರ ಕಾರಣ ಹೇಳುವುದು ತನಿಖೆಯವರ ಕೆಲಸ, ನಾನು ಊಹೆ ಮಾಡುವುದಿಲ್ಲ. ಆದರೆ ಆ ತಿಂಗಳೇ ಡಿಜಿಸಿಎ ಅಧಿಕಾರಿಗಳು ದೆಹಲಿ, ಮುಂಬೈಯಂಥ ದೊಡ್ಡ ನಿಲ್ದಾಣಗಳಲ್ಲಿ ರಾತ್ರಿ ಮತ್ತು ಬೆಳಗಿನ ಜಾವ ತಪಾಸಣೆ ಮಾಡಿ ಪಟ್ಟಿಯೊಂದನ್ನು ಪ್ರಕಟಿಸಿದರು. ಸರಿಮಾಡಿದ್ದೇವೆ ಎಂದ ದೋಷವೇ ಅದೇ ವಿಮಾನದಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿತ್ತು. ನಮ್ಮ ಭಾಷೆಯಲ್ಲಿ ಅದಕ್ಕೆ ರಿಪೀಟ್ ಸ್ನ್ಯಾಗ್ ಎನ್ನುತ್ತೇವೆ. ವಿಮಾನ ತಾನೇ ತೋರಿಸಿದ ದೋಷ ಲಾಗ್ ಪುಸ್ತಕದಲ್ಲಿ ಬರೆದೇ ಇರಲಿಲ್ಲ. ಸವೆದ ಟೈರಿನಿಂದಾಗಿ ಒಂದು ವಿಮಾನವನ್ನು ತಡೆಯಬೇಕಾಯಿತು. ಸೀಟಿನ ಕೆಳಗೆ ಲೈಫ್ ಜಾಕೆಟ್ ಸರಿಯಾಗಿ ಇಟ್ಟಿರಲಿಲ್ಲ. ಅಷ್ಟು ಬೇಗ ಇಷ್ಟೆಲ್ಲ ಸಿಕ್ಕಿತೆಂದರೆ ಹುಡುಕುವ ಮನಸ್ಸಿದ್ದರೆ ಸಿಗುತ್ತದೆ ಎಂದಾಯಿತು. ಅದನ್ನು ಹುಡುಕಲು 260 ಹೆಣ ಬೀಳಬೇಕಿತ್ತೇ? ಆ ಪಟ್ಟಿಯಲ್ಲಿ ಯಾವ ಸಂಸ್ಥೆಯ ಹೆಸರೂ ಇರಲಿಲ್ಲ. ಟಿಕೆಟ್ ಕೊಳ್ಳುವವನಿಗೆ ಹೆಸರಿಲ್ಲದ ಪಟ್ಟಿಯಿಂದ ಏನು ಪ್ರಯೋಜನ?

ಹುಡುಕುವವರಾದರೂ ಎಷ್ಟು ಜನ ಇದ್ದಾರೆ? 2025ರ ಆಗಸ್ಟಿನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಕೊಟ್ಟ ಲೆಕ್ಕದಂತೆ ಡಿಜಿಸಿಎಗೆ ಮಂಜೂರಾದ ಹುದ್ದೆ 1,063. ತುಂಬಿದ್ದು 553. ಇದು ಹೊಸ ರೋಗವೂ ಅಲ್ಲ. 2014ರ ಜನವರಿಯಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ನಮ್ಮ ದೇಶದ ಸುರಕ್ಷತೆಯ ದರ್ಜೆಯನ್ನೇ ಇಳಿಸಿತ್ತು. ತರಬೇತಾದ ಇನ್‌ಸ್ಪೆಕ್ಟರುಗಳು ಸಾಲದು ಎಂಬುದು ಆಗಲೂ ಒಂದು ಮುಖ್ಯ ಕಾರಣ. ಮಾನ ಹೋಯಿತೆಂದು ತರಾತುರಿಯಲ್ಲಿ ನೇಮಕಕ್ಕೆ ಇಳಿದರು, 2015ರ ಏಪ್ರಿಲ್‌ನಲ್ಲಿ ದರ್ಜೆ ಮರಳಿ ಸಿಕ್ಕಿತು. ಹತ್ತು ವರ್ಷ ಕಳೆದ ಮೇಲೆ ಕಚೇರಿಯಲ್ಲಿ ಅರ್ಧ ಕುರ್ಚಿ ಖಾಲಿ. ಹೊರಗಿನವರು ಗದರಿದರೆ ಮಾತ್ರ ಕೆಲಸ ಮಾಡುವ ಸರ್ಕಾರವನ್ನು ನಾನು ಒಪ್ಪಲಾರೆ.

ನನ್ನ ತಂಗಿಯ ಮಗ ಕೆ.ಆರ್. ಪುರದಲ್ಲಿದ್ದಾನೆ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಇದೇ ಕೆಲಸ, ಬಹಳ ಚುರುಕು ಹುಡುಗ. ಹೆಣ್ಣೂರಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುತ್ತೇನೆಂದು ಎರಡು ಗಂಟೆ ಮುಂಚೆ ಮನೆ ಬಿಡುತ್ತಾನೆ. "ಮಾಮ, ಎಂಟು ಗಂಟೆ ಅಂತಾರೆ, ಹನ್ನೆರಡಾದ್ರೂ ಬಿಡಲ್ಲ. ಬೆಳಗಿನ ಮೊದಲ ಫ್ಲೈಟ್ ಹೊತ್ತಿಗೆ ಎಲ್ರೂ ಗಡಿಯಾರ ನೋಡ್ತಿರ್ತಾರೆ, ನಟ್ಟು ನೋಡೋನು ನಾನೊಬ್ನೇ" ಎಂದ ಮೊನ್ನೆ. ಪೈಲಟ್‌ಗಳ ದುಡಿಮೆಯ ಗಂಟೆ ಬಗ್ಗೆ ದೇಶವೆಲ್ಲ ಮಾತಾಡಿತು, ಮಾತಾಡಲೇಬೇಕಿತ್ತು. ಬೆಂಗಳೂರು–ಲಂಡನ್ ಹಾರಾಟದಲ್ಲಿ 2025ರ ಮೇ 16 ಮತ್ತು 17ರಂದು ಹತ್ತು ಗಂಟೆಯ ಮಿತಿ ಮೀರಿತೆಂದು ಏರ್ ಇಂಡಿಯಾಗೆ ನೋಟಿಸೂ ಹೋಯಿತು. ಆದರೆ ನೆಲದ ಮೇಲೆ ಮಳೆಯಲ್ಲಿ ನಿಂತು ಸಹಿ ಹಾಕುವವನ ನಿದ್ದೆಯ ಲೆಕ್ಕ ಯಾರು ಕೇಳುತ್ತಾರೆ? ಏರ್ ಇಂಡಿಯಾ ದೇವನಹಳ್ಳಿಯಲ್ಲಿ 35 ಎಕರೆಯಲ್ಲಿ ದೊಡ್ಡ ದುರಸ್ತಿ ಕೇಂದ್ರ ಕಟ್ಟುತ್ತಿದೆ. ಇಂಡಿಗೋ ಕೂಡ ಜಾಗ ಪಡೆದಿದೆ. ನಮ್ಮ ಹುಡುಗರಿಗೆ ಕೆಲಸ ಸಿಗುತ್ತದೆ, ಸಂತೋಷ. ಅವರ ಕೆಲಸವನ್ನು ನೋಡಲು ಸರ್ಕಾರದ ಇನ್‌ಸ್ಪೆಕ್ಟರುಗಳೂ ಅಷ್ಟೇ ಸಂಖ್ಯೆಯಲ್ಲಿ ಇದೇ ಊರಿನಲ್ಲಿ ಇರಬೇಕು.

ಡಿಜಿಸಿಎ ನಾಗರಿಕ ವಿಮಾನಯಾನ ಸಚಿವಾಲಯದ ಬಾಲವಾಗಿ ಇರಬಾರದು ಎಂಬ ಮಾತು ಹಳೆಯದು. ಸ್ವತಂತ್ರ ಪ್ರಾಧಿಕಾರ ರಚಿಸಲು 2013ರಲ್ಲಿ ಮಸೂದೆ ಬಂತು, ಲೋಕಸಭೆಯ ಅವಧಿ ಮುಗಿದಾಗ ಅದೂ ಬಿದ್ದುಹೋಯಿತು. 1934ರ ಹಳೇ ಕಾಯ್ದೆಯ ಜಾಗದಲ್ಲಿ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಹೆಸರು ಬದಲಾಯಿತು, ಲಗಾಮು ಇನ್ನೂ ಸಚಿವಾಲಯದ ಕೈಯಲ್ಲೇ ಇದೆ. ಅಪಘಾತದ ತನಿಖೆ ನಡೆಸುವವರೂ ಅದೇ ಸಚಿವಾಲಯದ ಕೆಳಗೇ ಬರುತ್ತಾರೆ. ವಿಮಾನ ಸಂಸ್ಥೆಗಳು ಬೆಳೆಯಬೇಕೆಂದು ಬಯಸುವ ಸಚಿವಾಲಯವೇ ಅವುಗಳನ್ನು ತಡೆದು ನಿಲ್ಲಿಸುವ ಅಧಿಕಾರಿಗೂ ಯಜಮಾನನಾಗಿದ್ದರೆ, ಆ ಅಧಿಕಾರಿ ಎಷ್ಟು ಸಲ ಬೇಡ ಎಂದಾನು?

ನಾನು ಕೇಳುವುದು ದೊಡ್ಡದೇನಲ್ಲ. ಖಾಲಿ ಹುದ್ದೆಗಳಿಗೆ ವಿಮಾನ ಸಂಸ್ಥೆಗಳಲ್ಲಿ ಕೊಡುವಷ್ಟು ಸಂಬಳ ಕೊಟ್ಟು, ಕೈಗೆ ಗ್ರೀಸ್ ಹತ್ತಿದ ಜನರನ್ನು ತುಂಬಲಿ. ತಪಾಸಣೆಯಲ್ಲಿ ಸಿಕ್ಕಿದ್ದನ್ನು ಸಂಸ್ಥೆಯ ಹೆಸರು ಸಮೇತ ಜನರ ಮುಂದಿಡಲಿ. ತಪ್ಪಾಯಿತು ಎಂದು ತಾನಾಗಿ ಬಂದು ಹೇಳುವ ಎಂಜಿನಿಯರನ್ನು ಕಾಪಾಡಲಿ. ನನಗೆ ಅಂದು ಹಾಗೆ ಹೇಳಲು ಬಾಗಿಲೇ ಇರಲಿಲ್ಲ.

ಓದುಗರೇ, ಮುಂದಿನ ಸಲ ನಿಮ್ಮ ಸಂಸದರು ಹಲಸೂರಿಗೋ ಇಂದಿರಾನಗರಕ್ಕೋ ಕೆ.ಆರ್. ಪುರಕ್ಕೋ ಬಂದಾಗ ರಸ್ತೆ, ನೀರಿನ ಜೊತೆ ಇದನ್ನೂ ಕೇಳಿ: ಸಮಿತಿಯ ಲೆಕ್ಕದ ಆ 510 ಖಾಲಿ ಕುರ್ಚಿಗಳಲ್ಲಿ ಎಷ್ಟು ತುಂಬಿದ್ದೀರಿ?