ನಿಂತ ವಿಮಾನಕ್ಕೂ ಗಾಳಿಯ ಕಾಟ

ವಿಮಾನ ಅಪಘಾತ ಎಂದ ಕೂಡಲೇ ನಾವು ಆಕಾಶದತ್ತ ನೋಡುತ್ತೇವೆ. ಆದರೆ ಎಂಜಿನ್ ಆಫ್ ಆಗಿ, ಒಳಗೆ ಯಾರೂ ಇಲ್ಲದೆ ನಿಂತಿರುವ ವಿಮಾನಕ್ಕೂ ಅಪಾಯ ತಪ್ಪಿದ್ದಲ್ಲ. 2011ರ ಮಾರ್ಚ್ 31ರಂದು ಅಮೆರಿಕದ ಫ್ಲಾರಿಡಾದಲ್ಲಿ ‘ಸನ್ ಎನ್ ಫನ್’ ವೈಮಾನಿಕ ಮೇಳಕ್ಕೆ ಸುಂಟರಗಾಳಿ ನುಗ್ಗಿತು. ಸಾಲಾಗಿ ನಿಲ್ಲಿಸಿದ್ದ ಹತ್ತಾರು ಲಘು ವಿಮಾನಗಳು ಜಖಂಗೊಂಡವು. ನೆಲಕ್ಕೆ ಕಟ್ಟಿದ್ದ ವಿಮಾನಗಳೂ ಮಗುಚಿಬಿದ್ದವು. 2023ರ ಡಿಸೆಂಬರ್‌ನಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ನಿಂತಿದ್ದ ಬೋಯಿಂಗ್ 737 ಜೆಟ್ಟನ್ನೇ ಬಿರುಗಾಳಿ ತಿರುಗಿಸಿಬಿಟ್ಟಿತು. ದೊಡ್ಡ ಜೆಟ್ಟಿಗೇ ಈ ಗತಿಯಾದರೆ ಪುಟ್ಟ ವಿಮಾನದ ಪಾಡೇನು?

ಬಿಇ ತರಗತಿಯಲ್ಲಿ ನಾವು ಓದುವ ಸರಳ ಸೂತ್ರವೇ ಇದಕ್ಕೆ ಉತ್ತರ. ಜಗತ್ತಿನಾದ್ಯಂತ ತರಬೇತಿಗೆ ಬಳಸುವ ಸೆಸ್ನಾ 172 ವಿಮಾನದ ಖಾಲಿ ತೂಕ ಸುಮಾರು 750 ಕೆ.ಜಿ., ಅಂದರೆ ಒಂದು ಸಣ್ಣ ಕಾರಿನಷ್ಟು. ರೆಕ್ಕೆಗಳ ಉದ್ದ ತುದಿಯಿಂದ ತುದಿಗೆ 11 ಮೀಟರ್. ಗಂಟೆಗೆ ಸುಮಾರು 100 ಕಿ.ಮೀ. ವೇಗದಲ್ಲಿ ಅದು ನೆಲ ಬಿಡುತ್ತದೆ. ವಿಮಾನ ಓಡುತ್ತಿದೆಯೋ, ಗಾಳಿಯೇ ಬೀಸಿ ಬರುತ್ತಿದೆಯೋ ಎಂಬುದು ರೆಕ್ಕೆಗೆ ಮುಖ್ಯವಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಎತ್ತುವ ಬಲ ನಾಲ್ಕು ಪಟ್ಟಾಗುತ್ತದೆ. ರನ್‌ವೇಯತ್ತ ನಿಧಾನವಾಗಿ ಸಾಗುವಾಗ ಓರೆಯಾಗಿ ಹಿಂದಿನಿಂದ ಬೀಸುವ ಗಾಳಿ ಒಂದು ರೆಕ್ಕೆಯನ್ನು ಎತ್ತಿ ವಿಮಾನವನ್ನೇ ಮಗುಚಬಹುದು. ನಿಂತಾಗ ಚುಕ್ಕಾಣಿಯನ್ನು ಲಾಕ್ ಮಾಡದಿದ್ದರೆ ಅದು ಗಾಳಿಗೆ ಪಟಪಟ ಬಡಿದುಕೊಂಡು ಕೀಲುಗಳು ಹಾಳಾಗುತ್ತವೆ. ಈ ಪೆಟ್ಟು ಹೊರಗೆ ಕಾಣದೇ ಇರಬಹುದು. ಅದೇ ಹೆಚ್ಚು ಭಯ ಹುಟ್ಟಿಸುವ ಸಂಗತಿ.

ಇದು ನಮಗೇಕೆ ಮುಖ್ಯ? 2023ರಲ್ಲಿ ಏರ್ ಇಂಡಿಯಾ 470, ಇಂಡಿಗೊ 500 ವಿಮಾನಗಳಿಗೆ ಆರ್ಡರ್ ಘೋಷಿಸಿದವು. ಅವುಗಳನ್ನು ಹಾರಿಸಬೇಕಾದವರು ಕಲಿಯುವುದು ಪುಟ್ಟ ವಿಮಾನಗಳಲ್ಲೇ. ವಾಣಿಜ್ಯ ಪೈಲಟ್ ಲೈಸೆನ್ಸ್‌ಗೆ ನಮ್ಮಲ್ಲಿ 200 ಗಂಟೆ ಹಾರಾಟ ಬೇಕು. ಕೆಲವೇ ವಿಮಾನಗಳಿರುವ ಶಾಲೆಯಲ್ಲಿ ಒಂದು ಮಗುಚಿಬಿದ್ದರೂ ಎಲ್ಲರ ಸರದಿ ಮುಂದಕ್ಕೆ ಹೋಗುತ್ತದೆ. ಲಕ್ಷಾಂತರ ರೂಪಾಯಿ ಸಾಲ ಮಾಡಿ ಸೇರಿದವರಿಗೆ ಹಾರಾಟ ನಿಂತರೂ ಬಡ್ಡಿ ನಿಲ್ಲುವುದಿಲ್ಲ.

ಸುಂಟರಗಾಳಿಯನ್ನು ತಡೆಯುವುದು ಯಾರಿಂದಲೂ ಆಗದು. ಆದರೆ ಗುಡುಗು ಮಳೆಯ ಮುಂಚೆ ಬರುವ ಗಾಳಿಯ ಹೊಡೆತದಿಂದ ಆಗುವ ಹಾನಿಯನ್ನು ಬಹುಮಟ್ಟಿಗೆ ತಪ್ಪಿಸಬಹುದು. ಎರಡು ರೆಕ್ಕೆ ಮತ್ತು ಬಾಲ, ಹೀಗೆ ಮೂರು ಕಡೆ ಕಟ್ಟಬೇಕು. ಹಗ್ಗದಷ್ಟೇ ನೆಲದ ಕೊಂಡಿಯೂ ಗಟ್ಟಿಯಿರಬೇಕು. ಚಕ್ರಕ್ಕೆ ತಡೆ, ಚುಕ್ಕಾಣಿಗೆ ಲಾಕ್ ಇರಬೇಕು. ಸಾಧ್ಯವಾದರೆ ಹ್ಯಾಂಗರ್‌ನೊಳಗೆ ನಿಲ್ಲಿಸುವುದೇ ಮೇಲು. ಇವು ರಾಕೆಟ್ ವಿಜ್ಞಾನವೇನಲ್ಲ, ದುಡ್ಡಿಗಿಂತ ಹೆಚ್ಚಾಗಿ ಶಿಸ್ತು ಬೇಡುವ ಕೆಲಸಗಳು.

ಏಪ್ರಿಲ್-ಮೇ ಸಂಜೆಗಳಲ್ಲಿ ಮರ ಉರುಳಿಸುವ ಗಾಳಿ ಬೆಂಗಳೂರಿಗೆ ಹೊಸದಲ್ಲ. ಅದೇ ನಗರದ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದೆ. ಹವಾಮಾನ ಇಲಾಖೆಯ ಮುನ್ನೆಚ್ಚರಿಕೆ ಕಚೇರಿಯ ಕಂಪ್ಯೂಟರಿಗೆ ಬಂದು ನಿಂತರೆ ಸಾಲದು, ಅದು ಹಗ್ಗ ಬಿಗಿಯುವ ಕೈಗೆ ತಲುಪಬೇಕು. ಎಂಜಿನಿಯರಿಂಗ್ ಓದುವ ನಮಗೆ ಇಲ್ಲಿ ಮಾಡಲು ಕೆಲಸವೂ ಇದೆ: ಅಗ್ಗದ ಗಾಳಿಮಾಪಕ, ಮೊಬೈಲ್ ಅಲರ್ಟ್, ಗಟ್ಟಿ ಕೊಂಡಿಗಳ ವಿನ್ಯಾಸ.

ಪೈಲಟ್ ಆಗುವ ಕನಸಿರುವ ಗೆಳೆಯ, ಗೆಳತಿಯರಿಗೆ ಒಂದು ಮಾತು. ಯಾವುದೇ ತರಬೇತಿ ಶಾಲೆಗೆ ಸೇರುವ ಮುನ್ನ ಶುಲ್ಕ, ಪ್ಲೇಸ್‌ಮೆಂಟ್ ಜತೆಗೆ ಇದನ್ನೂ ಕೇಳಿ: ‘ಗಾಳಿ ಬಂದರೆ ನಿಮ್ಮ ವಿಮಾನಗಳನ್ನು ಎಲ್ಲಿ, ಹೇಗೆ ನಿಲ್ಲಿಸುತ್ತೀರಿ?’ ತಡವರಿಸದೆ ಉತ್ತರ ಕೊಡುವ ಶಾಲೆ ನಿಮ್ಮ ಸುರಕ್ಷತೆಯ ಬಗ್ಗೆಯೂ ಯೋಚಿಸಿರುತ್ತದೆ.