ಜಗಲಿಗೆ ಬಂದ ಸಾಲ

ನಿಮ್ಮ ಅಡುಗೆಮನೆಯಲ್ಲಿರುವ ಮಿಕ್ಸಿಗೆ ಒಟ್ಟು ಎಷ್ಟು ಹಣ ತೆತ್ತಿರುವಿರೆಂದು ಹೇಳಬಲ್ಲಿರಾ? ವಾರಕ್ಕೆ ಎಷ್ಟೆಂದು ಕೇಳಿದರೆ ಮನೆಯ ಚಿಕ್ಕ ಮಗುವೂ ಹೇಳೀತು. ಒಟ್ಟು ಎಷ್ಟೆಂದರೆ ಹಿರಿಯರೂ ತಡವರಿಸುತ್ತಾರೆ. ಕಂತಿನ ವ್ಯಾಪಾರ ನಿಂತಿರುವುದು ಈ ತಡವರಿಕೆಯ ಮೇಲೆಯೇ.

ಕುಮಟಾದಿಂದ ಶಿರಸಿಗೆ ಹೋಗುವ ದಾರಿಯಲ್ಲಿ ಕತಗಾಲದಂತಹ ಊರುಗಳಿವೆ. ಅಲ್ಲಿ ಮುಖ್ಯರಸ್ತೆಯಿಂದ ಒಳಗೆ, ತೋಟ-ಗದ್ದೆಗಳ ನಡುವೆ ಚದುರಿರುವ ಮನೆಗಳಿಗೆ ಪೇಟೆ ದೂರ. ಆದುದರಿಂದ ಪೇಟೆಯೇ ಮನೆಗೆ ಬರುತ್ತದೆ. ಹಿಂದೆ ಬಟ್ಟೆಯ ಗಂಟು ತಲೆಯ ಮೇಲೆ ಬರುತ್ತಿತ್ತು. ಈಗ ಕುಕ್ಕರು, ಕುರ್ಚಿ, ಚಾಪೆಗಳು ಬೈಕಿನ ಮೇಲೆ ಬರುತ್ತವೆ. ಬರುವ ಹೊತ್ತೂ ಗೊತ್ತಾದದ್ದೇ: ದುಡಿಯುವವರು ಹೊರಗೆ ಹೋದ ಮೇಲೆ, ಮಧ್ಯಾಹ್ನದ ಊಟಕ್ಕೆ ಮುಂಚೆ. "ಈಗ ಏನೂ ಕೊಡೋದು ಬೇಡ ಅಕ್ಕಾ, ಇಟ್ಕೊಂಡಿರಿ" ಎಂಬ ಮಾತಿಗಿಂತ ದುಬಾರಿಯಾದ ಮಾತು ನಮ್ಮ ಸೀಮೆಯಲ್ಲಿ ಬೇರೊಂದಿಲ್ಲ.

ಒಂದು ಲೆಕ್ಕವನ್ನು ನೀವೇ ಹಾಕಿ ನೋಡಿ. ಅಂಗಡಿಯಲ್ಲಿ 3,000 ರೂಪಾಯಿಗೆ ಸಿಗುವ ಮಿಕ್ಸಿಯನ್ನು 500 ಮುಂಗಡಕ್ಕೆ ಕೊಟ್ಟು, ವಾರಕ್ಕೆ 100ರಂತೆ 35 ವಾರ ಕಟ್ಟಿಸಿಕೊಳ್ಳುತ್ತಾರೆಂದು ಭಾವಿಸೋಣ. ಉಳಿದ ಸಾಲ 2,500, ಕಟ್ಟುವುದು 3,500. ಸಾವಿರ ಹೆಚ್ಚಾಯಿತು, ನೂರಕ್ಕೆ ನಲವತ್ತಾಯಿತು ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಆದರೆ ಅಸಲು ಪ್ರತಿ ವಾರ ಕರಗುತ್ತಾ ಹೋಗುತ್ತದೆಯಲ್ಲವೇ? ಕೊನೆಯ ವಾರಗಳಲ್ಲಿ ನಿಮ್ಮ ಬಳಿ ಅವರ ಹಣ ಇರುವುದೇ ಅತ್ಯಲ್ಪ. ಅದನ್ನು ಲೆಕ್ಕಕ್ಕೆ ಹಿಡಿದರೆ ಬಡ್ಡಿ ವಾರಕ್ಕೆ ನೂರಕ್ಕೆ ಎರಡು, ಅಂದರೆ ವರ್ಷಕ್ಕೆ ನೂರಕ್ಕೆ ನೂರನ್ನೂ ಮೀರಿದ್ದು. ಯಾವ ಬ್ಯಾಂಕಾದರೂ ಈ ದರವನ್ನು ಫಲಕದ ಮೇಲೆ ಬರೆದು ತೂಗುಹಾಕಿದರೆ ನಾವು ಆ ಬ್ಯಾಂಕಿನ ಮೆಟ್ಟಿಲನ್ನೂ ತುಳಿಯಲಾರೆವು. ದೊಡ್ಡ ಅಂಗಡಿಗಳ 'ಸೊನ್ನೆ ಬಡ್ಡಿ'ಯೂ ಇದರ ಅಣ್ಣನೇ. ಸೊನ್ನೆ ಬಡ್ಡಿ ಎಂಬುದೊಂದು ಇಲ್ಲವೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿತ್ತು.

ಇದು ನಮ್ಮ ಕರಾವಳಿಗೆ ಮಾತ್ರ ಅಂಟಿದ ರೋಗವಲ್ಲ. ಎರಡನೆಯ ಮಹಾಯುದ್ಧದ ನಂತರದ ಬ್ರಿಟನ್ನಿನಲ್ಲಿ ಕಂತಿನ ಮೇಲಿದ್ದ ನಿರ್ಬಂಧಗಳನ್ನು ಸರ್ಕಾರ 1958ರಲ್ಲಿ ತೆಗೆದುಹಾಕಿತು. ಮನೆಬಾಗಿಲಿನ ಮಾರಾಟಗಾರನಿಗೆ ಸುಗ್ಗಿಯಾಯಿತು. 1962ರಲ್ಲಿ ಬಂದ 'ಲಿವ್ ನೌ, ಪೇ ಲೇಟರ್' ಎಂಬ ಚಲನಚಿತ್ರದ ನಾಯಕ ಇಂಥವನೇ: ಇಯಾನ್ ಹೆಂಡ್ರಿ ನಟಿಸಿದ, ಸಿಹಿಮಾತಿನ, ಗೃಹಿಣಿಯರ ಕೈಗೆ ತೀರಿಸಲಾಗದ ಸಾಮಾನುಗಳನ್ನು ಹಿಡಿಸಿ ಹೋಗುವ ಆಲ್ಬರ್ಟ್. ಜನ ನಕ್ಕರು, ಆದರೆ ಅಲ್ಲಿನ ಸಂಸತ್ತು ನಕ್ಕು ಸುಮ್ಮನಾಗಲಿಲ್ಲ. ಮನೆಯಲ್ಲಿ ಕುಳಿತು ಸಹಿ ಹಾಕಿದ ಕಂತಿನ ಕರಾರನ್ನು ಕೆಲವೇ ದಿನಗಳೊಳಗೆ ರದ್ದುಪಡಿಸುವ ಹಕ್ಕನ್ನು 1964ರ ಕಾಯಿದೆ ಕೊಳ್ಳುವವರಿಗೆ ಕೊಟ್ಟಿತು. ನಮ್ಮಲ್ಲಿ? ನಮ್ಮ ಸಂಸತ್ತು 1972ರಲ್ಲಿ ಬಾಡಿಗೆ-ಖರೀದಿಯ ಕಾಯಿದೆಯೊಂದನ್ನು ಅಂಗೀಕರಿಸಿತು. ಅದು ಜಾರಿಗೆ ಬರಲೇ ಇಲ್ಲ.

"ಕಂತು ಇಲ್ಲದಿದ್ದರೆ ಬಡವರ ಮನೆಗೆ ಮಿಕ್ಸಿ ಬರುವುದುಂಟೇ? ಯಾರೂ ಬಲವಂತ ಮಾಡಿಲ್ಲವಲ್ಲ!" ಎಂದು ಕೆಲವರು ವಾದಿಸುತ್ತಾರೆ. ಅರ್ಧ ಸತ್ಯವಿದೆ. ಒರಳಿನ ಮುಂದೆ ಕುಳಿತು ಸೊಂಟ ಸವೆಸಿದವಳಿಗೆ ಮಿಕ್ಸಿ ಭೋಗವಸ್ತುವಲ್ಲ. ಅವಳ ಆಸೆಯನ್ನು ಹಂಗಿಸುವ ಅಧಿಕಾರ ನಮಗಿಲ್ಲ. ನನ್ನ ಆಕ್ಷೇಪ ವಸ್ತುವಿನ ಮೇಲಲ್ಲ, ಬೆಲೆಯನ್ನು ಮುಚ್ಚಿಡುವುದರ ಮೇಲೆ. ಬೆಲೆಯನ್ನೇ ತಿಳಿಸದೆ ಪಡೆದ ಒಪ್ಪಿಗೆ ಎಂತಹ ಒಪ್ಪಿಗೆ? ಇನ್ನು ಬಲವಂತ ಬರುವುದು ಮಾರುವ ದಿನವಲ್ಲ, ವಸೂಲಿಯ ದಿನ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆಯ ನಿಷೇಧ. ಘಟ್ಟದ ಬುಡದಲ್ಲಿ ಮಳೆ ಹಿಡಿದರೆ ಕೂಲಿಯೂ ಇಲ್ಲ. ಕಂತಿಗೆ ಮಾತ್ರ ಮಳೆಗಾಲವಿಲ್ಲ. ಆಗ ಕುಕ್ಕರಿನ ಕಂತಿಗೆ ಸಂಘದ ಸಾಲ, ಆ ಸಾಲದ ಕಂತಿಗೆ ಇನ್ನೊಂದು ಕಂಪನಿಯ ಸಾಲ. ಗುಂಪು ಜಾಮೀನಿನಲ್ಲಿ ಒಬ್ಬಳು ತಪ್ಪಿದರೆ ಉಳಿದವರು ತೆರಬೇಕು. ನಿನ್ನೆಯವರೆಗೆ ಉಪ್ಪು ಮೆಣಸು ಕಡ ಕೊಟ್ಟ ನೆರೆಮನೆಯವಳೇ ಇಂದು ವಸೂಲಿದಾರಳಾಗುತ್ತಾಳೆ. ಕೊನೆಗೆ ಮನೆಯ ಗಂಡಸರಿಂದ "ನಿನ್ನನ್ನು ಯಾರು ತಗೋ ಅಂದಿದ್ದರು?" ಎಂಬ ಮಾತನ್ನೂ ಅವಳೇ ಕೇಳಬೇಕು. ಆ ಮಿಕ್ಸಿಯಲ್ಲಿ ಅರೆದ ಚಟ್ನಿಯನ್ನು ಉಂಡವರೆಲ್ಲರ ಸಾಲ ಅದು ಎಂಬುದು ಆಗ ಮರೆತುಹೋಗುತ್ತದೆ.

ಕಾನೂನುಗಳು ಇಲ್ಲವೆಂದಲ್ಲ. ಕಿರುಸಾಲದ ಕಂತುಗಳು ಕುಟುಂಬದ ತಿಂಗಳ ಆದಾಯದ ಅರ್ಧವನ್ನು ಮೀರಬಾರದು, ಬೆಳಗಿನ 9ಕ್ಕೆ ಮುಂಚೆ ಅಥವಾ ಸಂಜೆ 6ರ ಬಳಿಕ ಸಾಲಗಾರರಿಗೆ ಕರೆ ಮಾಡಿ ಪೀಡಿಸಬಾರದು ಎಂದು ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಮಾಡಿತು. ವಸೂಲಿಯ ಕಿರುಕುಳ ತಾಳಲಾರದೆ ಜನ ಊರು ಬಿಟ್ಟ, ಜೀವ ಬಿಟ್ಟ ಸುದ್ದಿಗಳು ಸಾಲುಸಾಲಾಗಿ ಬಂದ ಮೇಲೆ, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿಯವರೆಗೆ ದಂಡ. ಒಳ್ಳೆಯದೇ. ಆದರೆ ಇವೆಲ್ಲ 'ಸಾಲ'ವನ್ನು ಹುಡುಕುವ ಕಾನೂನುಗಳು. ಬೈಕಿನವನು ಸಾಲವೆಂಬ ಶಬ್ದವನ್ನು ಉಚ್ಚರಿಸುವುದೇ ಇಲ್ಲ. ಅವನದು 'ವ್ಯಾಪಾರ', ಅವನ ದಾಖಲೆ ಅಂಗೈಯಗಲದ ಒಂದು ಕಾರ್ಡು.

ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವನ್ನು ತೆರೆದು ನೋಡಿ. ಸಾಲ ಕೊಟ್ಟವನು ಒತ್ತೆಯನ್ನು ತೆಗೆದುಕೊಳ್ಳಲು ಸಾಲಗಾರನ ಮನೆಯೊಳಗೆ ಹೋಗಕೂಡದು, ಹೊರಗೇ ನಿಲ್ಲಬೇಕೆಂಬ ವಿಧಿ ಅಲ್ಲಿದೆ. ಹೊಸಿಲಿಗೂ ಒಂದು ಮಾನವಿದೆಯೆಂದು ಅಷ್ಟು ಹಿಂದೆಯೇ ತಿಳಿದಿತ್ತು. ನಾವಾದರೋ ಅವರಿಗೆ ಕುರ್ಚಿ ಹಾಕಿ, ನೀರು ಕೊಟ್ಟು ಕೂರಿಸುತ್ತೇವೆ.

ನೀರು ಕೊಡಿ, ಬಿಸಿಲಲ್ಲಿ ಬಂದವರು. ಅವರೂ ಹೆಚ್ಚಿನಂಶ ಯಾರದೋ ಸಂಬಳಕ್ಕೆ ದುಡಿಯುವ ಹುಡುಗರೇ. ಆದರೆ ಕಾರ್ಡಿನ ಮೇಲೆ ಮೊದಲು ಒಟ್ಟು ಬೆಲೆಯನ್ನು ಕನ್ನಡದಲ್ಲಿ ಬರೆದು ಸಹಿ ಮಾಡಿಕೊಡಲು ಹೇಳಿ. ಅಂಗಡಿಯ ಬೆಲೆಯನ್ನು ಕೇಳಿಕೊಂಡು, ಮನೆಯವರೆಲ್ಲ ಕುಳಿತು ಮಾತಾಡಿ, ಮುಂದಿನ ವಾರ ಉತ್ತರ ಹೇಳುತ್ತೇವೆನ್ನಿ. ಅದಕ್ಕೆ ಒಪ್ಪದಿದ್ದರೆ ಕುಕ್ಕರನ್ನು ಮತ್ತೆ ಬೈಕಿಗೆ ಕಟ್ಟಿಕೊಳ್ಳಲು ಹಗ್ಗ ಹಿಡಿದು ಸಹಾಯ ಮಾಡಿ.